ಗಂಜ್ ಬಜಾರಾ ಮಾರ್ಟಾ, ಕೂಲರಾ ಏಸಿನಾ: ನಮ್ಮ ಕಲಬುರಗಿ ಮನಿ ಖರ್ಚಿನ ಲೆಕ್ಕ

ಉಳಿತಾಯ ಅಂದ್ಕೂಡ್ಲೆ ನಮ್ಮ ಮಂದಿ ಕೊತ್ತಂಬ್ರಿ ಕಟ್ಟಿನ ಮ್ಯಾಲ ಚೌಕಾಶಿ ಶುರು ಮಾಡ್ತಾರ, ಕಣ್ಣಿ ಮಾರ್ಕೆಟ್ನಾಗ ಬಿಸಿಲಿಗೆ ಕುಂತ ಮುದುಕಿ ಜೋಡಿ ಎರಡು ರೂಪಾಯಿಗೆ ವಾದ ಮಾಡಿ ಗೆದ್ದು ಬಂದು, ಅವತ್ತೇ ಸಂಜಿಗೆ ಮಾರ್ಟಿಗೆ ಹೋಗಿ ಬ್ಯಾಡಾಗಿದ್ದ ಸಾಮಾನು ನಾಕೈದುನೂರು ರೂಪಾಯಿದು ಟ್ರಾಲಿಗೆ ಹಾಕ್ಕೊಂಡು ಬರ್ತಾರ. ಮನಿ ಖರ್ಚಿನಾಗ ಖರೆ ಭಾರ ಇರೋದು ಕೆಲವೇ ಕಡಿ ರೀ. ಕಾಳುಕಡಿ, ಬ್ಯಾಸಗಿ ಕರೆಂಟು, ಗ್ಯಾಸು, ಕಂತಿನ ಮ್ಯಾಲ ತಂದ ಸಾಮಾನು. ಅವು ನಾಕು ಹದಕ್ಕ ಬಂದ್ರ ಕೊತ್ತಂಬ್ರಿ ಮುದುಕಿಗೆ ಎರಡು ರೂಪಾಯಿ ಹೆಚ್ಚಿಗಿ ಹೋದ್ರೂ ಏನೂ ಆಗಲ್ಲ. ಹಂಗಾಗಿ ಇಲ್ಲಿ ಅವನ್ನೇ ಎದುರುಬದುರು ಇಟ್ಟು ಬರ್ದೀನಿ, ಯಾವ ಮನಿಗೆ ಯಾವ್ದು ಹೊಂದತದ ಅಂತ. ದರ ವಾರಕ್ಕೊಮ್ಮಿ ಬದಲಾಗ್ತಾವ, ಅದಕ್ಕ ನಾ ಹಾಕಿರೋ ರೊಕ್ಕದ ಲೆಕ್ಕ ಎಲ್ಲಾ ತಿಳೀಲಿ ಅಂತ ಹಿಡ್ಕೊಂಡಿದ್ದು, ನಿಮ್ಮ ಇವತ್ತಿನ ದರ ಹಾಕಿ ಇನ್ನೊಮ್ಮಿ ಗುಣಿಸಿ ನೋಡ್ಕೊಳ್ರಿ.

ಬ್ಯಾಳಿ: ಪಾಕೀಟು ತರೋದಾ, ಗಂಜಿನಾಗ ತರೋದಾ, ತೊಗರಿ ತಂದು ಒಡಸೋದಾ

ನಮ್ಮದು ತೊಗರಿ ಕಣಜ, 2019ರಾಗ ಕಲಬುರಗಿ ತೊಗರಿ ಬ್ಯಾಳಿಗೆ ಜಿಐ ಟ್ಯಾಗ್ (ಇದು ಇದೇ ಸೀಮಿ ಮಾಲು ಅನ್ನೋ ಗುರುತು) ಬ್ಯಾರೆ ಸಿಕ್ಕದ, ಆದ್ರೂ ಊರಾಗ ಭಾಳ ಮನಿಯವ್ರು ತಿಂಗಳಿಗೊಮ್ಮಿ ಒಂದೊಂದು ಕಿಲೋ ಪಾಕೀಟೇ ತರ್ತಾರ. ಪಾಕೀಟು ತಪ್ಪಲ್ಲ. ಗಂಡಾ ಹೆಂಡ್ತಿ ಇಬ್ಬರೇ ಇದ್ದು, ಬಾಡಿಗಿ ಮನ್ಯಾಗ ಡಬ್ಬಿ ಇಡ್ಲಿಕ್ಕೂ ಜಾಗ ಇಲ್ಲಂದ್ರ ಪಾಕೀಟೇ ಛಲೋ, ಯಾಕಂದ್ರ ನುಸಿ ಹತ್ತಿ ಐದು ಕಿಲೋ ಚೆಲ್ಲಿದ್ರ ಉಳಿಸಿದ್ದೆಲ್ಲಾ ಅಲ್ಲೇ ಹೋಗ್ತದ.

ನಾಕೈದು ಮಂದಿ ಇರೋ ಮನಿಗೆ ಮಾತ್ರ ನೆಹರು ಗಂಜಿಗೆ (ಕಾಳುಕಡಿ ಸಗಟು ಬಜಾರಕ್ಕ) ಹೋಗಿ ತರೋದೇ ಸೋವಿ. ತೊಗರಿ ಡಿಸೆಂಬರ್ ಜನವರಿಗೆ ರಾಶಿ ಆಗಿ ಬರ್ತದ, ಮಿಲ್ಲಿನಾಗ ಹೊಸ ಮಾಲು ಬೀಳ್ತದ, ಆ ಹೊತ್ತಿನಾಗ ದರ ಸಾಮಾನ್ಯ ಇಳಿದಿರ್ತದ, ಆವಾಗ ವರ್ಷಕ್ಕ ಆಗೋವಷ್ಟು ಬ್ಯಾಡ, ಆರು ತಿಂಗಳಿಗಾಗೋವಷ್ಟು ತಂದಿಟ್ಕೊಂಡ್ರ ಸಾಕು. ಅಂಗಡ್ಯಾಗ ನಿಂತು ಅವಸರ ಮಾಡಬ್ಯಾಡ್ರಿ. "ಹೊಸ ಮಾಲಾ ಅಣ್ಣಾ?" ಅಂತ ಕೇಳಿದ್ರ "ಹೊಸಾದೇ ಅದರೀ ಅಕ್ಕೋರೆ, ಬಾಯಾಗ ಹಾಕಿ ಕಡದು ನೋಡ್ರಿ" ಅಂತಾನ, ಹೌದು ಹಂಗೇ ಮಾಡ್ರಿ, ನಾಚಿಕಿ ಬ್ಯಾಡ. ಒಣಗಿದ ಬ್ಯಾಳಿ ಹಲ್ಲಿಗೆ ಕಟಕ್ ಅಂತ ಎರಡು ಹೋಳಾಗ್ತದ, ಪಸಿ ಇದ್ರ ಮೆತ್ತಗ ಒತ್ತಿದಂಗ ಆಗ್ತದ, ಅಂಥಾದ್ದು ಮನಿಗೆ ತಂದ್ರ ಮಳಿಗಾಲ ಶುರುವಾಗೂದರಾಗ ಹುಳ ಗ್ಯಾರಂಟಿ. ಆಮ್ಯಾಗ ಒಂದು ಹಿಡಿ ತಗೊಂಡು ಬಿಳೀ ವಸ್ತ್ರದಾಗ ಜೋರಾಗಿ ತಿಕ್ಕಿ ನೋಡ್ರಿ, ಎಣ್ಣಿ ಹಚ್ಚಿ ಪಾಲಿಶ್ ಮಾಡಿದ್ದಾದ್ರ ವಸ್ತ್ರಕ್ಕ ಜಿಡ್ಡು ಹತ್ತತದ. ಪಾಲಿಶ್ ಬ್ಯಾಳಿ ನೋಡ್ಲಿಕ್ಕ ಮಿಂಚತದ, ಮಿಂಚಿಗೆ ರೊಕ್ಕ ಕೊಡೋದು ಯಾಕ. ನುಚ್ಚು ಎಷ್ಟದ ಅಂತನೂ ಚೀಲದ ತಳದಾಗ ಕೈ ಹಾಕಿ ನೋಡ್ರಿ, ಮ್ಯಾಲಿಂದು ಯಾವತ್ತೂ ಚಂದೇ ಇರ್ತದ.

ಇನ್ನ ತೊಗರಿನೇ ತಂದು ಗಿರಣ್ಯಾಗ ಒಡಸೋದು. ಹಳ್ಳಿ ಕಡಿ ಹೊಲ ಇದ್ದವ್ರು ಇದನ್ನೇ ಮಾಡ್ತಾರ, ಅವ್ರಿಗೆ ಸರಿ. ಪ್ಯಾಟಿಯವ್ರು ಲೆಕ್ಕ ಹಾಕಿ ನೋಡ್ರಿ. ಕ್ವಿಂಟಲ್ ತೊಗರಿಗೆ 8,000 ರೂಪಾಯಿ ಹಿಡಿರಿ (2025-26ರ ಬೆಂಬಲ ಬೆಲೆ ಅಷ್ಟೇ ಇತ್ತು), ಒಡಸಿದ್ರ ಕೈಗೆ ಬರೋ ಬ್ಯಾಳಿ ಸುಮಾರು 70 ಕಿಲೋ, ಅಂದ್ರ ಕಿಲೋಕ್ಕ 114 ಆಯ್ತು, ಅದರ ಮ್ಯಾಲ ಒಡಸೋ ಕೂಲಿ, ಆಟೋ ಬಾಡಿಗಿ. ಉಳಿದದ್ದು ಹೊಟ್ಟು, ಚುನ್ನಿ, ಮನ್ಯಾಗ ಎಮ್ಮಿ ಇದ್ರ ಅದು ಮೇವು, ಇಲ್ಲಂದ್ರ ಫುಕ್ಕಟ ಬ್ಯಾರೆಯವ್ರ ಎಮ್ಮಿಗೆ ಹೋಗ್ತದ. ಗಂಜಿನಾಗ ಬ್ಯಾಳಿ ದರ ಇದಕ್ಕಿಂತ ಕಿಲೋಕ್ಕ ಹದಿನೈದು ಇಪ್ಪತ್ತು ರೂಪಾಯಿನಾದ್ರೂ ಹೆಚ್ಚಿಗಿ ಇದ್ದಾಗ ಮಾತ್ರ ಒಡಸೋ ತ್ರಾಸ ತಗೊಳ್ರಿ.

ಇಡೋದು ಹ್ಯಾಂಗ ಅಂತ ಗೊತ್ತಿಲ್ಲಂದ್ರ ಸೋವಿ ತಂದೂ ಉಪಯೋಗಿಲ್ಲ. ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮ್ಯಾಲ (ಬಿಸಿ ಇದ್ದಾಗ ತುಂಬಿದ್ರ ಡಬ್ಬಿ ಒಳಗ ಬೆವರತದ) ಒಂದೀಟು ಔಡಲ ಎಣ್ಣಿ ಕೈಗೆ ಹಚ್ಕೊಂಡು ಬ್ಯಾಳಿಗೆ ಸವರಿ ತುಂಬಿಡ್ರಿ. ಮಾಡೋ ಮುಂದ ಬಿಸಿ ನೀರಾಗ ತೊಳದ್ರ ಎಣ್ಣಿ ಹೋಗ್ತದ.

ಜೋಳ: ಚೀಲ ತರೋದಾ, ಹಿಟ್ಟು ತರೋದಾ, ರೊಟ್ಟಿನೇ ಕೊಳ್ಳೋದಾ

ಹಿಂಗಾರಿ ಬಿಳಿಜೋಳ, ಅದ್ರಾಗೂ ಮಾಲದಂಡಿ, ಫೆಬ್ರವರಿ ಮಾರ್ಚಿಗೆ ಬರ್ತದ. ದಿನಾ ಎರಡು ಹೊತ್ತು ರೊಟ್ಟಿ ತಿನ್ನೋ ಮನಿಯಾದ್ರ ಸುಗ್ಗಿ ಟೈಮಿನಾಗ ಚೀಲ ತಗೊಳ್ಳೋದಕ್ಕ ಎದುರೇ ಇಲ್ಲ, ಬೇವಿನ ಎಲಿ ನಡುನಡುವ ಹಾಕಿ, ಚೀಲ ಫರ್ಸಿ ಮ್ಯಾಲ ಇಡದೇ ಹಲಿಗಿ ಮ್ಯಾಲ ಇಟ್ರ ವರ್ಷ ತಡೀತದ. ಗಿರಣಿಗೆ ಮಾತ್ರ ಎಂಟತ್ತು ದಿನಕ್ಕಾಗೋವಷ್ಟೇ ಒಯ್ರಿ. ಜೋಳದ ಹಿಟ್ಟು ಹಳೀದಾದ್ರ ಜಿಗಿ ಹೋಗ್ತದ, ಬಡಿಯೋ ಮುಂದ ಅಂಚು ಸೀಳತದ, ರುಚಿ ಕಹಿ ಬರ್ತದ, ಅದಕ್ಕೇ ಪಾಕೀಟಿನ ಹಿಟ್ಟಿಗೆ ರೊಟ್ಟಿ ಬರಲ್ಲ ಅಂತ ಸೊಸಿನ್ನ ಬೈಯೋರು ಮೊದಲು ಪಾಕೀಟಿನ ತಾರೀಖು ನೋಡ್ರಿ.

ಖಡಕ್ ರೊಟ್ಟಿ ಕೊಳ್ಳೋದು ಅಂದ್ರ ಹಿರಿಯರಿಗೆ ಸಿಟ್ಟು ಬರ್ತದ. "ಮನ್ಯಾಗ ಮಾಡಿದ್ರ ಮೂರು ರೂಪಾಯಿಗೆ ಆಗ್ತದ, ಅಂಗಡ್ಯಾಗ ಎಂಟು ಹತ್ತು ಯಾಕ ಕೊಡ್ತೀರಿ" ಅಂತಾರ. ಆ ಮೂರು ರೂಪಾಯಿ ಲೆಕ್ಕದಾಗ ಹಿಟ್ಟು ಅದ, ಗ್ಯಾಸ್ ಅದ, ಮೇ ತಿಂಗಳ ಉರಿಯಾಗ ಹಂಚಿನ ಮುಂದ ತಾಸುಗಟ್ಟಲೆ ನಿಂತ ಹೆಣ್ಮಗಳು ಇಲ್ಲ. ಅಕಿ ದುಡಿಮಿ ಫುಕ್ಕಟ ಅಂತ ಹಿಡಿದ್ರ ಯಾವ ಲೆಕ್ಕನೂ ಮನಿಯಾಗ ಮಾಡಿದ್ದೇ ಸೋವಿ ಅಂತ ಬರ್ತದ ನೋಡ್ರಿ. ಇಬ್ಬರೂ ನೌಕರಿಗೆ ಹೋಗೋ ಮನಿಯವ್ರು ವಾರಕ್ಕಾಗೋವಷ್ಟು ಖಡಕ್ ರೊಟ್ಟಿ ತಂದಿಟ್ಕೊಂಡು, ಬಿಸಿ ರೊಟ್ಟಿ ಸೂಟಿ ದಿನಕ್ಕ ಮಾಡ್ಕೊಂಡ್ರ ಅದು ದುಂದು ಅಲ್ಲ, ಯಾಕಂದ್ರ ರೊಟ್ಟಿ ಇಲ್ಲದ ದಿನ ಫೋನ್ ತೆಗೆದು ಹೋಟೆಲಿಂದ ತರಸಿದ್ರ ಆಗೋ ಖರ್ಚಿನ ಮುಂದ ಇದು ಏನೂ ಅಲ್ಲ. ರೊಟ್ಟಿ ಮಾಡೋ ಅಕ್ಕೋರಿಂದ ಸೀದಾ ತಗೊಂಡ್ರ ಅಂಗಡಿಯವ್ನ ಪಾಲೂ ಉಳೀತದ.

ಕಿರಾಣಿ ಅಂಗಡಿ, ಮಾರ್ಟು, ಮತ್ತ ಫೋನಿನಾಗಿನ ಆ್ಯಪು

ಓಣಿ ಕಿರಾಣಿ ಅಂಗಡ್ಯಾಗ ಉದ್ರಿ ಸಿಗ್ತದ, ಬಡ್ಡಿ ಇಲ್ಲ, ಮಳಿ ಬರ್ಲಿ ರಾತ್ರಿ ಆಗ್ಲಿ ಪಾವ್ ಕಿಲೋ ಸಕ್ಕರಿ ಕೊಡ್ತಾನ. ಆದ್ರ ಉದ್ರಿ ಪುಸ್ತಕ ಇದ್ದವ್ರು ದರ ಕೇಳಲ್ಲ, ಕೇಳಲಿಕ್ಕ ಮುಖನೂ ಬರಲ್ಲ, ತಿಂಗಳ ಕೊನೀಗೆ ಅವ ಹೇಳಿದ ಮೊತ್ತ ಎಣಿಸಿ ಕೊಟ್ಟು ಬರ್ತಾರ, ಬಡ್ಡಿ ಅನ್ನೋದು ಆ ದರದಾಗೇ ಕುಂತಿರ್ತದ. ನಗದು ಕೊಟ್ಟು ತಗೊಳ್ಳೋರಿಗೆ ಅದೇ ಅಂಗಡ್ಯಾಗ ಎಮ್‌ಆರ್‌ಪಿಗಿಂತ ಎರಡು ಮೂರು ರೂಪಾಯಿ ಕಮ್ಮಿ ಮಾಡ್ತಾರ, ಕೇಳಿ ನೋಡ್ರಿ.

ಮಾರ್ಟಿನಾಗ ಸೋಪು, ಬಟ್ಟಿ ಪುಡಿ, ಚಾಪುಡಿ, ಎಣ್ಣಿ ಇಂಥಾವು ನಿಜಕ್ಕೂ ಕಮ್ಮಿ ಬೀಳ್ತಾವ. ಲುಕ್ಸಾನು ಆಗೋದು ಚೀಟಿಯಾಗ ಬರೀದೇ ಇದ್ದ ಸಾಮಾನಿನಿಂದ. ತಿಂಗಳಿಗೆ ಒಮ್ಮಿ, ಉಂಡು ಹೋಗಿ, ಹುಡುಗ್ರನ್ನ ಮನ್ಯಾಗ ಬಿಟ್ಟು, ಚೀಟಿ ಹಿಡ್ಕೊಂಡು ಹೋದ್ರ ಮಾರ್ಟೇ ಗೆಲ್ಲತದ, ಸುಮ್ನ ಏಸಿ ಹವಾ ತಗೊಳ್ಳಿಕ್ಕ ವಾರ ವಾರ ಹೋಗೋ ಮನಿಗೆ ಕಿರಾಣಿ ಅಂಗಡಿನೇ ವಾಸಿ.

ಒಂದು ಸಣ್ಣ ಸಂಗತಿ ಭಾಳ ಮಂದಿ ನೋಡಲ್ಲ. ಪಾಕೀಟಿನ ಮ್ಯಾಲ ಎಮ್‌ಆರ್‌ಪಿ ಬಾಜೂಕ ಗ್ರಾಮಿಗಿಷ್ಟು, ಮಿಲಿಗಿಷ್ಟು ಅಂತ ಸಣ್ಣ ಅಕ್ಷರದಾಗ ಒಂದು ದರ ಛಾಪಿಸಿರ್ತಾರ, ಹೋಲಿಸೋದು ಅದನ್ನ. ಎಣ್ಣಿ ಪಾಕೀಟಿನಾಗ ಇದು ಛಲೋ ಕಾಣ್ತದ. ಎಲ್ಲಾ ಪಾಕೀಟು ನೋಡ್ಲಿಕ್ಕ ಒಂದೇ ಸೈಜು, ಒಂದ್ರಾಗ ಪೂರ್ತಿ ಲೀಟರ್ ಇರ್ತದ, ಬಾಜೂದ್ರಾಗ 800, 850 ಅಂತ ಇರ್ತದ, ಹತ್ತು ರೂಪಾಯಿ ಕಮ್ಮಿ ಅಂತ ಎತ್ಕೊಂಡು ಬಂದವ್ರು ಖರೆ ಅಂದ್ರ ತುಟ್ಟಿದೇ ತಂದಿರ್ತಾರ. ಇನ್ನೊಂದು, ಲೀಟರ್ ಎಣ್ಣಿ ಅಂದ್ರ ತೂಕದಾಗ ಸುಮಾರು 910 ಗ್ರಾಮು, ಕಿಲೋ ಲೆಕ್ಕದಾಗ ಮಾರೋ ಡಬ್ಬಿ ಮತ್ತ ಲೀಟರ್ ಲೆಕ್ಕದ ಡಬ್ಬಿ ಎದುರುಬದುರು ಇಟ್ಟಾಗ ಇದನ್ನ ಮರೀಬ್ಯಾಡ್ರಿ. ಗಾಣದ ಕುಸುಬಿ ಎಣ್ಣಿ ಸೋವಿ ಲೆಕ್ಕದಾಗ ಎಲ್ಲೂ ಗೆಲ್ಲಲ್ಲ, ಅದು ಹಿಂಡಿ (ಚಟ್ನಿಪುಡಿ) ಮ್ಯಾಲ ಹಾಕ್ಕೊಳ್ಳೋ ರುಚಿ ಖಾತಿ, ಅರ್ಧ ಲೀಟರ್ ಬ್ಯಾರೆ ತಂದಿಡ್ರಿ, ಕರೀಲಿಕ್ಕ ಹಾಕಬ್ಯಾಡ್ರಿ.

ಆ್ಯಪಿನಾಗ ತರಸೋರು ಡೆಲಿವರಿ, ಹ್ಯಾಂಡ್ಲಿಂಗ್ ಅಂತ ಕೆಳಗ ಕೂಡಿಸಿದ್ದನ್ನ ಸಾಮಾನಿನ ಮ್ಯಾಲ ಹಂಚಿ ನೋಡ್ರಿ. "ಇನ್ನ 60 ರೂಪಾಯಿದು ತಗೊಂಡ್ರ ಡೆಲಿವರಿ ಫ್ರೀ" ಅಂದ್ರ ಡೆಲಿವರಿ ಮೂವತ್ತು ಉಳಸ್ಲಿಕ್ಕ ಅರವತ್ತು ಖರ್ಚು ಮಾಡೋದು ಅಂತ ಅರ್ಥ.

ಹಳ್ಳಿಯಿಂದ ಬಜಾರಕ್ಕ ಬರೋರಿಗೆ ಬಸ್ ಖರ್ಚೂ ಲೆಕ್ಕಕ್ಕ ಬರ್ತದ. 2023ರ ಜೂನಿಂದ ಶಕ್ತಿ ಯೋಜನಿ ಒಳಗ ಹೆಣ್ಮಕ್ಕಳಿಗೆ ಸಾದಾ ಬಸ್ಸಿನಾಗ ಟಿಕೆಟ್ ರೊಕ್ಕ ಇಲ್ಲ, ಆಳಂದ, ಚಿತ್ತಾಪುರ, ಜೇವರಗಿ ಕಡಿಂದ ಬರೋ ಮನ್ಯಾಗ ಸಂತಿ ಮಾಡೋ ಕೆಲಸ ಹಂಗಾಗಿ ಅಕ್ಕೋರ ಕೈಗೆ ಹೋಗ್ಯದ. ಚೀಲ ಹೊರೋ ಕೆಲಸನೂ ಅವ್ರ ಹೆಗಲಿಗೇ ಬಂದದ ಅನ್ನೋದು ಬ್ಯಾರೆ ಮಾತು.

ಕಾಯಿಪಲ್ಲೆ

ಇದ್ರಾಗ ಜಾಸ್ತಿ ತಲಿ ಕೆಡಿಸ್ಕೋಬ್ಯಾಡ್ರಿ. ಮನಿ ಮುಂದ ಬರೋ ಗಾಡಿಯವ್ನ ದರ ಮಾರ್ಕೆಟ್ಟಿಗಿಂತ ಹೆಚ್ಚಿಗಿನೇ, ಆದ್ರ ನೀವು ಗಾಡಿ ತಗೊಂಡು ಹೋಗಿ ಬರೋ ಪೆಟ್ರೋಲ್ ಹಿಡಿದ್ರ ಒಂದೆರಡು ಕಿಲೋಕ್ಕ ಅವನೇ ಸೋವಿ. ವಾರಕ್ಕಾಗೋವಷ್ಟು ಒಮ್ಮೆಲೆ ತರೋದಾದ್ರ ಕಣ್ಣಿ ಮಾರ್ಕೆಟ್. ಸಂಜಿ ಹೊತ್ತಿಗೆ ಮೆಂತ್ಯಾ, ಪುಂಡಿಪಲ್ಯ, ರಾಜಗಿರಿ ಎಲ್ಲಾ ದರ ಬೀಳ್ತಾವ, ಅವತ್ತೇ ಮಾಡೋದಿದ್ರ ತರ್ರಿ. ಉಳ್ಳಾಗಡ್ಡಿ ಚೀಲ ತಗೊಳ್ಳೋರು ಬ್ಯಾಸಗಿಗೆ ಬರೋ ಹಿಂಗಾರಿ ಗಡ್ಡಿ ತಗೊಳ್ರಿ, ಅದು ನಾಕು ತಿಂಗಳು ತಡೀತದ, ಮುಂಗಾರಿ ಗಡ್ಡಿ ಒಳಗ ನೀರು ಜಾಸ್ತಿ, ಎಷ್ಟೇ ಸೋವಿ ಸಿಕ್ರೂ ಚೀಲ ತಂದ್ರ ಅರ್ಧ ಕೊಳೀತದ.

ಕೂಲರ್, ಏಸಿ, ಫ್ಯಾನ್

ರೊಕ್ಕದ ದೊಡ್ಡ ಫರಕ ಬೀಳೋದು ಇಲ್ಲಿ. ಮಾರ್ಚಿಂದ ಜೂನ್ ತನಕ ನಮ್ಮ ಬಿಸಿಲು ಯಾರಿಗೂ ಹೇಳೋದು ಬ್ಯಾಡ, ಬೀದರಿನವ್ರು ಎತ್ತರದಾಗ ಇರೋದ್ರಿಂದ ಜರಾ ಪಾರಾಗ್ತಾರ, ಕಲಬುರಗಿ ಯಾದಗಿರಿಯವ್ರು 42, 43 ಡಿಗ್ರಿ ಉಣ್ಣಲೇಬೇಕು. ಆದ್ರ ಈ ಬಿಸಿಲಿನಾಗ ಒಂದು ಲಾಭ ಅದ, ಗಾಳಿ ಒಣಗಿರ್ತದ. ಕೂಲರ್ ಕೆಲಸ ಮಾಡೋದು ನೀರು ಆವಿ ಆಗೋ ಮುಂದ ಗಾಳಿಯ ಬಿಸಿ ಎಳ್ಕೊಳ್ಳೋದ್ರಿಂದ, ಗಾಳಿ ಎಷ್ಟು ಒಣ ಇರ್ತದೋ ಅಷ್ಟು ತಂಪು. ಮಂಗಳೂರಾಗ ಕೂಲರ್ ಇಟ್ರ ಬೆವರು ಜಾಸ್ತಿ ಆಗ್ತದ, ಇಲ್ಲಿ ಏಪ್ರಿಲ್ ಮಧ್ಯಾಹ್ನ ಅದೇ ಕೂಲರ್ ಹೊದ್ಕೊಳ್ಳೋಹಂಗ ಮಾಡ್ತದ. ಖಿಡಕಿ ಮುಚ್ಚಿ ಕೂಲರ್ ಹಚ್ಚಿ "ಚಿಪಚಿಪ ಆಗ್ತದ" ಅನ್ನೋರು ಎದುರಿನ ಖಿಡಕಿ ತೆರದಿಡ್ರಿ, ಹಸಿ ಗಾಳಿ ಹೊರಗ ಹೋಗ್ಲಿಕ್ಕ ದಾರಿ ಬೇಕು.

ಕರೆಂಟ್ ಲೆಕ್ಕ ನೋಡ್ರಿ. ಸಾದಾ ಕೂಲರ್ 200 ವ್ಯಾಟ್ ಹಿಡಿರಿ, ದಿನಕ್ಕ 8 ತಾಸು ಹಚ್ಚಿದ್ರ 1.6 ಯೂನಿಟ್, ತಿಂಗಳಿಗೆ 48. ಒಂದೂವರಿ ಟನ್ ಏಸಿ ನಮ್ಮ ಬಿಸಿಲಿಗೆ ತಾಸಿಗೆ ಒಂದು ಯೂನಿಟ್ ಅಂತ ಹಿಡಿದ್ರೂ ಅಷ್ಟೇ ತಾಸಿಗೆ ತಿಂಗಳಿಗೆ 240. ಬರೇ ಯೂನಿಟ್ ಫರಕ ಆಗಿದ್ರ ಒಂದು ಮಾತು, ಇಲ್ಲಿ ಸರ್ಕಾರದ ಫ್ರೀ ಕರೆಂಟ್ ಯೋಜನಿ ಗೃಹಜ್ಯೋತಿ ನಡುವ ಬರ್ತದ. 2022-23ರಾಗ ನಿಮ್ಮ ಮೀಟರಿನ ಸರಾಸರಿ ಎಷ್ಟಿತ್ತೋ ಅದರ ಮ್ಯಾಲ 10 ಪರ್ಸೆಂಟ್ ಕೂಡಿಸಿ ಅಷ್ಟು ಯೂನಿಟ್ ಫ್ರೀ (ಸರಾಸರಿ ಭಾಳ ಕಮ್ಮಿ ಇದ್ದವ್ರಿಗೆ ಪರ್ಸೆಂಟ್ ಬದಲಿ 10 ಯೂನಿಟ್ ಕೂಡಸ್ತಾರ), ಅದನ್ನ ದಾಟಿ 200ರ ಒಳಗ ಇದ್ರ ದಾಟಿದ್ದಕ್ಕಷ್ಟೇ ರೊಕ್ಕ, 200 ದಾಟಿದ್ರ ಪೂರ್ತಿ ಬಿಲ್ ನಿಮ್ದೇ. ಈಗ ಫ್ರಿಜ್ಜು, ಫ್ಯಾನು, ಟಿವಿ, ಮೋಟರ್ ಎಲ್ಲಾ ಕೂಡಿ 110 ಯೂನಿಟ್ ಉರಿಸೋ ಮನ್ಯಾಗ ಕೂಲರ್ ಕೂಡಿಸಿದ್ರ 158, 200ರ ಗೆರಿ ಒಳಗ. ಏಸಿ ಕೂಡಿಸಿದ್ರ 350, ಮೊದಲನೇ ಯೂನಿಟ್ಟಿಂದ ಬಿಲ್ಲು. ಜೆಸ್ಕಾಂ (ನಮ್ಮ ಕಡಿ ಕರೆಂಟ್ ಕಂಪನಿ) ಬಿಲ್ ನೋಡಿ ಮೇ ತಿಂಗಳಾಗ ಗಾಬರಿ ಆಗೋರು ಇವ್ರೇ.

ಹಂಗಂತ ಏಸಿ ಬ್ಯಾಡೇ ಬ್ಯಾಡ ಅನ್ನಲ್ಲ. ಮನ್ಯಾಗ ದಮ್ಮಿನ ತ್ರಾಸ ಇದ್ದವ್ರು, ಹಸಿಗೂಸು, ಹಾಸಿಗಿ ಹಿಡಿದ ಹಿರಿಯರು ಇದ್ರ, ಇಲ್ಲಾ ಮ್ಯಾಲಿನ ಅಂತಸ್ತಿನಾಗ ಖಿಡಕಿನೇ ಇಲ್ಲದ ಖೋಲಿ ಇದ್ರ ಏಸಿ ತಗೊಳ್ರಿ, 26ಕ್ಕ ಇಟ್ಟು ಫ್ಯಾನ್ ಕೂಡ ಹಚ್ಚಿ ಮಲಕ್ಕೊಳ್ರಿ. ಕೂಲರಿಗೂ ಒಂದು ಖರ್ಚದ, ಯಾರೂ ಹೇಳಲ್ಲ, ನೀರು. ದಿನಕ್ಕ ಟ್ಯಾಂಕು ತುಂಬಿ ಖಾಲಿ ಆಗ್ತದ, ಸಣ್ಣದಕ್ಕ 40 ಲೀಟರ್ ಬೇಕು, ದೊಡ್ಡದಕ್ಕ ಇನ್ನೂ ಜಾಸ್ತಿ. ಬೋರ್ ಬತ್ತಿ ಟ್ಯಾಂಕರ್ ತರಸೋ ಓಣಿಯವ್ರು ಅದನ್ನೂ ಹಿಡಿಬೇಕು. ಬೋರಿನ ಗಡಸು ನೀರು ಹಾಕಿದ್ರ ಹುಲ್ಲಿಗೆ ಬಿಳೀ ಉಪ್ಪು ಕಟ್ಟಿ ಗಾಳಿ ಕಮ್ಮಿ ಆಗ್ತದ, ವರ್ಷಕ್ಕೊಮ್ಮಿ ಹುಲ್ಲು ಬದಲಿಸೋದು ಹೊಸ ಕೂಲರ್ ತರೋದಕ್ಕಿಂತ ಎಷ್ಟೋ ಸೋವಿ.

28 ವ್ಯಾಟಿನ ಹೊಸ ಬಿಎಲ್‌ಡಿಸಿ (ಕಮ್ಮಿ ಕರೆಂಟ್ ತಿನ್ನೋ ಮೋಟರಿನ) ಫ್ಯಾನ್ ಬಗ್ಗಿ ಎಲ್ಲಾರೂ ಹೇಳ್ತಾರ, ಹಳೀ 75 ವ್ಯಾಟಿಂದು ತೆಗದು ಹಾಕ್ರಿ ಅಂತ. ದಿನಾ 12 ತಾಸು ತಿರಗಿದ್ರ ಒಂದು ಫ್ಯಾನಿಗೆ ತಿಂಗಳಿಗೆ 17 ಯೂನಿಟ್ ಉಳೀತದ, ಖರೆ. ಆದ್ರ ನಿಮ್ಮ ಬಿಲ್ ಈಗಾಗ್ಲೇ ಸೊನ್ನಿ ಬರ್ಲಿಕತ್ತಿದ್ರ ಉಳಿದ ಯೂನಿಟ್ಟಿಗೆ ನಿಮ್ಮ ಕಿಸೆಗೆ ಒಂದು ಪೈಸೆ ಬರಲ್ಲ, ಎರಡೂವರಿ ಮೂರು ಸಾವಿರ ಸುಮ್ನ ಹಾಕಿದಂಗ. ಹಳೀ ಫ್ಯಾನ್ ಕೆಟ್ಟಾಗ ಬದಲಿಸ್ರಿ ಸಾಕು. ಪ್ರತಿ ಬ್ಯಾಸಗಿ 200ರ ಗೆರಿ ಹತ್ರ ಹೋಗಿ ತೊಯ್ದಾಡೋ ಮನಿಗೆ ಮಾತ್ರ ಈ ಫ್ಯಾನ್ ಒಂದೇ ಬ್ಯಾಸಗಿಯಾಗ ತನ್ನ ರೊಕ್ಕದಾಗ ದೊಡ್ಡ ಪಾಲು ದುಡದು ಕೊಡ್ತದ. ಇವೆಲ್ಲಾದಕ್ಕಿಂತ ಮೊದಲು ಮಾಳಿಗಿ ಮ್ಯಾಲ ಎರಡು ಕೋಟು ಸುಣ್ಣ ಹೊಡಸ್ರಿ, ಫೆಬ್ರವರಿ ಕೊನಿಗೆ. ಆರ್‌ಸಿಸಿ ಸ್ಲ್ಯಾಬ್ ಇಡೀ ದಿನ ಬಿಸಿಲು ಕುಡದು ರಾತ್ರಿ ಮಕ್ಕೊಂಡವ್ರ ಮ್ಯಾಲ ಉಗುಳತದ, ಬಿಳೀ ಬಣ್ಣ ಅದನ್ನ ಹೊರಗೇ ತಡೀತದ, ಕೂಲರ್ರೇ ಇರ್ಲಿ ಏಸಿನೇ ಇರ್ಲಿ ಕಮ್ಮಿ ಹೊತ್ತು ಓಡಿದ್ರ ಸಾಕಾಗ್ತದ.

ಗ್ಯಾಸಾ, ಇಂಡಕ್ಷನ್ನಾ

14.2 ಕಿಲೋ ಸಿಲಿಂಡರ್ ಮಾಡೋವಷ್ಟು ಅಡಗಿನ ಇಂಡಕ್ಷನ್ ಸುಮಾರು 140 ಯೂನಿಟ್ಟಿನಾಗ ಮಾಡ್ತದ. ಹಂಗಾಗಿ ನಿಮ್ಮ ಸಿಲಿಂಡರ್ ದರಾನ 140ರಿಂದ ಭಾಗಿಸ್ರಿ. 870 ಇದ್ರ 6 ರೂಪಾಯಿ ಚಿಲ್ಲರ ಬಂತು. ಒಂದು ಯೂನಿಟ್ಟಿಗೆ ನೀವು ಕೊಡೋದು ಅದಕ್ಕಿಂತ ಕಮ್ಮಿ ಇದ್ರ ಇಂಡಕ್ಷನ್, ಹೆಚ್ಚಿಗಿ ಇದ್ರ ಗ್ಯಾಸು. ಗೃಹಜ್ಯೋತಿ ಫ್ರೀ ಯೂನಿಟ್ ತಿಂಗಳ ಕೊನಿಗೆ 30, 40 ಉಳಿಯೋ ಮನಿಯಾದ್ರ ಚಹಾ, ಹಾಲು, ಅನ್ನ ಇಂಡಕ್ಷನ್ ಮ್ಯಾಲ ಹಾಕ್ರಿ, ಸಿಲಿಂಡರ್ ವಾರಗಟ್ಟಲೆ ಹೆಚ್ಚಿಗಿ ಬರ್ತದ. ಅದನ್ನ ಚಳಿಗಾಲದಾಗ ಮಾಡ್ರಿ, ಕೂಲರ್ ಶುರುವಾದ ಮ್ಯಾಲ ಆ ಯೂನಿಟ್ ಕೂಲರಿಗೇ ಬೇಕಾಗ್ತಾವ. ರೊಟ್ಟಿ ಮಾತ್ರ ಗ್ಯಾಸಿನ ಮ್ಯಾಲೇ, ತಳ ಗುಂಡಗಿರೋ ಹಂಚು ಇಂಡಕ್ಷನ್ ಮ್ಯಾಲ ಕೂಡಲ್ಲ.

ಬ್ಯಾಳಿ ಕುದೀಲಿಕ್ಕ ನಮ್ಮ ಬೋರ್ ನೀರಾಗ ಹೊತ್ತು ಹಿಡೀತದ, ಗಡಸು ನೀರಿನ ಗುಣನೇ ಅದು. ಕುಡಿಯೋ ನೀರಾಗ ಒಂದು ತಾಸು ನೆನಸಿ ಕುಕ್ಕರಿಗೆ ಹಾಕಿದ್ರ ಸೀಟಿ ಅರ್ಧಕ್ಕ ಇಳೀತಾವ, ಪ್ರೆಶರ್ ಬಂದ ಮ್ಯಾಲ ಸಣ್ಣ ಉರಿ ಸಾಕು.

ಕುಡಿಯೋ ನೀರಿಗೆ ಓಣ್ಯಾಗ ಶುದ್ಧ ನೀರಿನ ಘಟಕ ಇದ್ದವ್ರು ಅಲ್ಲಿಂದ ಕ್ಯಾನ್ ತುಂಬ್ಕೊಂಡು ಬರೋದೇ ಎಲ್ಲಾದಕ್ಕಿಂತ ಸೋವಿ, ಮನಿ ಆರ್‌ಓ ಫಿಲ್ಟರ್ ಮೆಂಬ್ರೇನ್ ಬದಲಿಸೋ ಖರ್ಚು ಗಡಸು ನೀರಿಗೆ ಭಾಳ ಜಲ್ದಿ ಬರ್ತದ. ತಂಪು ನೀರಿಗೆ ಮಣ್ಣಿನ ಗಡಿಗಿ ಇಡ್ರಿ, ಫ್ರಿಜ್ಜಿನ ಬಾಗಿಲು ದಿನಕ್ಕ ಐವತ್ತು ಸರ್ತಿ ತೆರಿಯೋದು ತಪ್ಪತದ.

ಕಂತು ಮತ್ತ ಭೀಶಿ

ಫ್ರಿಜ್ಜು, ವಾಷಿಂಗ್ ಮಷೀನ್ ತಗೊಳ್ಳೋ ಮುಂದ "ನೋ ಕಾಸ್ಟ್ ಇಎಮ್‌ಐ", ಅಂದ್ರ ಬಡ್ಡಿ ಇಲ್ಲದ ಕಂತು ಅಂತಾರ. ಪ್ರೊಸೆಸಿಂಗ್ ಫೀ ಕೇಳ್ರಿ, ಆಮ್ಯಾಗ "ನಗದು ಕೊಟ್ರ ಎಷ್ಟು ಬಿಡ್ತೀರಿ" ಅಂತ ಕೇಳ್ರಿ. ಅವ ಬಿಡೋ ರೊಕ್ಕನೇ ಇಎಮ್‌ಐ ಬಡ್ಡಿ. ಎರಡೂ ಕೂಡಿ ನೋಡಿದ್ರ ಯಾವ್ದು ತುಟ್ಟಿ ಅಂತ ಅಂಗಡ್ಯಾಗೇ ಗೊತ್ತಾಗ್ತದ. ಮುಂಚೇನೇ ಕೂಡಿಡೋರಿಗೆ ಓಣಿ ಭೀಶಿ (ಎಲ್ಲಾರೂ ತಿಂಗಳ ತಿಂಗಳ ರೊಕ್ಕ ಹಾಕಿ ಒಬ್ಬೊಬ್ರು ಎತ್ತೋ ಚೀಟಿ) ಅದ, ಅಂಚೆ ಕಚೇರಿ ಆರ್‌ಡಿ (ತಿಂಗಳ ತಿಂಗಳ ಕಟ್ಟೋ ಠೇವಣಿ) ಅದ. ಭೀಶಿ ಒಳಗ ಅವಸರ ಬಿದ್ದಾಗ ಪೂರ್ತಿ ರೊಕ್ಕ ಮೊದಲೇ ಎತ್ತಬಹುದು, ಯಾರ ಸಹಿನೂ ಬ್ಯಾಡ, ಮಗಳ ಫೀ ಕಟ್ಟೋ ಹೊತ್ತಿನಾಗ ಅದು ದೊಡ್ಡ ಆಧಾರ. ಆದ್ರ ನಡಸೋವ ಊರು ಬಿಟ್ರ ಕೇಳಲಿಕ್ಕ ಯಾರೂ ಇರಲ್ಲ, ಅದಕ್ಕ ಹಾಕೋ ರೊಕ್ಕ ಹೋದ್ರೂ ಮನಿ ನಡೀತದ ಅನ್ನೋವಷ್ಟೇ ಇರ್ಲಿ, ಉಳಿದದ್ದು ಆರ್‌ಡಿಗೆ.

ಗುಳಗಿ

ಬಿಪಿ, ಶುಗರ್ ಗುಳಗಿ ತಿಂಗಳ ತಿಂಗಳ ನುಂಗೋ ಮನ್ಯಾಗ ಮ್ಯಾಲಿನ ಎಲ್ಲಾ ಲೆಕ್ಕಕ್ಕಿಂತ ಇದೇ ದೊಡ್ಡದಾಗಬಹುದು. ಜನೌಷಧಿ ಅಂಗಡ್ಯಾಗ ಅದೇ ಔಷಧ ಕಂಪನಿ ಹೆಸರಿಲ್ಲದೇ ಭಾಳ ಕಮ್ಮಿಗೆ ಸಿಗ್ತದ. ಡಾಕ್ಟರಿಗೆ ಒಮ್ಮಿ ಕೇಳ್ಕೊಳ್ರಿ, ಕೆಲವು ಗುಳಗಿ ಬದಲಿಸಬಾರ್ದು ಅಂತ ಹೇಳ್ತಾರ, ಅವನ್ನ ಬಿಟ್ಟುಬಿಡ್ರಿ. ಅಂಗಡಿಗೆ ಹೋಗೋ ಮುಂದ ಹಳೀ ಸ್ಟ್ರಿಪ್ ಕೈಯಾಗ ಹಿಡ್ಕೊಂಡು ಹೋಗ್ರಿ, ದೊಡ್ಡ ಅಕ್ಷರದ ಕಂಪನಿ ಹೆಸರು ಬಿಟ್ಟು ಅದರ ಕೆಳಗ ಸಣ್ಣದಾಗಿ ಬರ್ದ ಔಷಧದ ಹೆಸರು ಮತ್ತ ಮಿಲಿಗ್ರಾಂ ಎರಡೂ ಹೊಂದ್ಯಾವಾ ಅಂತ ನೋಡಿನೇ ರೊಕ್ಕ ಕೊಡ್ರಿ.